ಎಕ್ಸ್‌ಚೇಂಜ್ ಅಕ್ಕನ ನಾಲ್ಕು ಗಂಟೆಯ ಚಹಾ

ಕೊಪ್ಪದ ಬಸ್ ನಿಲ್ದಾಣದಲ್ಲಿ ಒಂದು ದಿನ ಅಕ್ಕನೂ ನಾನೂ ಶೃಂಗೇರಿ ಬಸ್ಸಿಗೆ ಕಾಯುತ್ತ ನಿಂತಿದ್ದೆವು. ಬೆನ್ನ ಹಿಂದೆ ಯಾರೋ, "ಎನ್ನಾರ್ ಪುರದ ಬಸ್ಸು ಹೋಯ್ತನಾ?" ಎಂದು ಕೇಳಿದರು. ಅಕ್ಕ ತಿರುಗಿಯೂ ನೋಡದೆ, "ಮೂವತ್ತಾರು!" ಎಂದರು.

"ಅದು ಬಸ್ಸಿನ ನಂಬರಾ?" ಹಿಂದಿದ್ದ ಮುದುಕರು ಗಾಬರಿಯಿಂದ ಕೇಳಿದರು.

"ಅಲ್ಲ, ನಿಮ್ಮ ನಂಬರು. ದಿನಾ ಬೆಳಿಗ್ಗೆ ಎಂಟೂವರೆಗೆ ಅಡಿಕೆ ಮಂಡಿಗೆ ಲೈನ್ ಕೇಳ್ತಿದ್ರಲ್ಲ? ಧಾರಣೆ ಇಳಿದಿದೆ ಅಂದ ಕೂಡ್ಲೆ ನನ್ನ ಮೇಲೇ ರೇಗ್ತಿದ್ರಿ."

ಆ ಮುದುಕರ ಮನೆಯ ಫೋನು ಹೋಗಿ ಇಪ್ಪತ್ತು ವರ್ಷ ಕಳೆದಿತ್ತು. ಬಾಯಿ ತೆರೆದುಕೊಂಡು ನಿಂತವರು, ಎನ್ನಾರ್ ಪುರದ ಬಸ್ಸು ಬಂದು ಹೋದದ್ದನ್ನೂ ಗಮನಿಸಲಿಲ್ಲ.

ಅಕ್ಕ ಎಂದರೆ ಅದು. ಕೊಪ್ಪದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೈಯಿಂದ ಲೈನು ಜೋಡಿಸುವ ಬೋರ್ಡು ಇದ್ದ ಕಾಲದ ಆಪರೇಟರ್. ಎಲ್ಲರೂ ಕರೆಯುತ್ತಿದ್ದದ್ದು 'ಎಕ್ಸ್‌ಚೇಂಜ್ ಅಕ್ಕ' ಎಂದೇ. ಅವರು ತೀರಿಕೊಂಡು ಎಂಟು ತಿಂಗಳಾಯಿತು. ಸತ್ತವರ ಬಗ್ಗೆ ಬರೆಯುವಾಗ ದನಿ ತಗ್ಗಿಸಬೇಕು ಅನ್ನುತ್ತಾರೆ. ಅಕ್ಕನ ವಿಷಯದಲ್ಲಿ ನನಗೆ ಅದು ಆಗದು. ಅವರನ್ನು ನೆನೆದರೆ ಮೊದಲು ಬರುವುದು ನಗುವೇ.

ನಾನು ಅದೇ ಎಕ್ಸ್‌ಚೇಂಜಿನ ಲೈನ್‌ಮನ್. ಮರ ಬಿದ್ದು ತುಂಡಾದ ತಂತಿ ಜೋಡಿಸುವುದು, ಕಂಬ ಹತ್ತುವುದು ನನ್ನ ಕೆಲಸ. ಫೋನಿದ್ದ ಮನೆಗಳೆಲ್ಲ ನನಗೆ ಗೊತ್ತು. ಯಾವ ಮನೆಯ ನಾಯಿ ಬೊಗಳುತ್ತದೆ, ಯಾವುದು ಬೊಗಳದೆ ಕಚ್ಚುತ್ತದೆ, ಯಾರ ಮನೆಯಲ್ಲಿ ಊಟದ ಹೊತ್ತಿಗೆ ಹೋದರೆ ಎಲೆ ಹಾಕುತ್ತಾರೆ ಎಂಬುದೂ ಗೊತ್ತು. ಅಕ್ಕನಿಗೆ ಮನೆಗಳೂ ಗೊತ್ತಿಲ್ಲ, ಮುಖಗಳೂ ಗೊತ್ತಿಲ್ಲ. ಅವರಿಗೆ ಗೊತ್ತಿದ್ದದ್ದು ದನಿ ಮಾತ್ರ. ದಾರಿಯಲ್ಲಿ ಎದುರಾದವರು ನಕ್ಕರೆ ಸುಮ್ಮನೆ ನಗುತ್ತಿದ್ದರು. ಅವರು ಬಾಯಿ ಬಿಟ್ಟ ಮೇಲೆಯೇ ನಿಜವಾದ ನಗು.

ಬೋರ್ಡಿನ ಮುಂದೆ ಅವರು ಕೂರುವ ರೀತಿ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಹೆಡ್‌ಫೋನು ಬಲಗಿವಿಯ ಮೇಲೆ ಮಾತ್ರ, ಎಡಗಿವಿ ಖಾಲಿ. ಕರೆ ಜೋಡಿಸಿ, ಎರಡೂ ಕಡೆಯವರು 'ಹಲೋ' ಅಂದರು ಎಂದು ಖಾತ್ರಿಯಾದ ಕೂಡಲೇ ಅದನ್ನೂ ಕಿವಿಯಿಂದ ಸರಿಸುತ್ತಿದ್ದರು. ನಾನು ಹೊಸದಾಗಿ ಸೇರಿದಾಗ ಕುತೂಹಲಕ್ಕೆ, "ಎಂತ ಮಾತಾಡ್ತಾರಕ್ಕ ಜನ?" ಎಂದು ಕೇಳಿದ್ದೆ.

"ಕೇಳಿಸೋದು ಬೇರೆ, ಕೇಳೋದು ಬೇರೆ ಮಾರಾಯ. ನಂಗೆ ಕೇಳಿಸ್ತದೆ, ನಾನು ಕೇಳಲ್ಲ" ಎಂದರು. ಮತ್ತೆ ಆ ಮಾತು ಎತ್ತಲು ನನಗೆ ಧೈರ್ಯ ಬರಲಿಲ್ಲ.

ಅವರ ಎಡಗಡೆ ಒಂದು ಸ್ಟೀಲ್ ಲೋಟದಲ್ಲಿ ಚಹಾ, ಅದರ ಮೇಲೆ ಮುಚ್ಚಿದ ರಸೀದಿ ಪುಸ್ತಕ. ಆ ಚಹಾ ಬಿಸಿಯಾಗಿದ್ದದ್ದನ್ನು ನಾನು ಕಂಡಿಲ್ಲ. ಒಂದು ಗುಟುಕು ಕುಡಿಯುವಷ್ಟರಲ್ಲಿ ಪರವೂರಿಗೆ ಮೂರು ನಿಮಿಷದ ಟ್ರಂಕ್ ಕಾಲ್, ಇನ್ನೊಂದು ಗುಟುಕಿಗೆ ಲೈಟ್ನಿಂಗ್ ಕಾಲ್. ಲೈಟ್ನಿಂಗ್ ಅಂದರೆ ಎಲ್ಲ ಕರೆಗಳನ್ನೂ ಹಿಂದೆ ಸರಿಸಿ ಮೊದಲು ಕೊಡಬೇಕಾದದ್ದು. ಸಾವು, ಹೆರಿಗೆ, ಅಪಘಾತ. ಸಂಜೆ ನಾಲ್ಕರಿಂದ ನಾಲ್ಕೂಕಾಲರವರೆಗೆ ಮಾತ್ರ ಬೋರ್ಡು ತಣ್ಣಗಿರುತ್ತಿತ್ತು.

"ಇಡೀ ತಾಲೂಕು ಈಗ ಚಾ ಕುಡೀತಾ ಇದೆ, ನೋಡು" ಎನ್ನುತ್ತಿದ್ದರು ಅಕ್ಕ, ತಣ್ಣನೆಯ ಲೋಟ ಎತ್ತಿಕೊಂಡು.

ಆಮೇಲೆ ಬೋರ್ಡು ಹೋಯಿತು, ಯಂತ್ರ ಬಂತು. ಅಕ್ಕನನ್ನು ಒಳಕೋಣೆಯಲ್ಲಿ ಬಿಲ್ಲು ಬರೆಯುವ ಕೆಲಸಕ್ಕೆ ಹಾಕಿದರು. ಅಲ್ಲಿಯೇ ನಿವೃತ್ತರಾಗಿ, ಬಾಳಗಡಿಯಲ್ಲಿದ್ದ ತಮ್ಮ ಪುಟ್ಟ ಮನೆಯ ಮುಂದಿನ ಕೋಣೆಯನ್ನು ಕಾಲೇಜಿನ ಇಬ್ಬರು ಹುಡುಗಿಯರಿಗೆ ಬಾಡಿಗೆಗೆ ಕೊಟ್ಟು ಆರಾಮಾಗಿದ್ದರು. ನಾನೂ ನಿವೃತ್ತನಾಗಿ ಅಲ್ಲೇ ಹತ್ತಿರದಲ್ಲಿ ಮನೆ ಮಾಡಿದ್ದೆ.

ಐದು ವರ್ಷದ ಹಿಂದೆ ಒಂದು ಬೆಳಿಗ್ಗೆ ಅಕ್ಕ ನಮ್ಮ ಮನೆಗೆ ಬಂದರು. ಕೂರುವ ಮೊದಲೇ, "ಇಪ್ಪತ್ತೇಳು ಹೋದ್ರು" ಎಂದರು. ಇಪ್ಪತ್ತೇಳು ಎಂದರೆ ಕೊಪ್ಪದ ಜವಳಿ ಅಂಗಡಿಯ ಯಜಮಾನರು. ಅಕ್ಕ ಹಿಂದಿನ ದಿನ ಅವರ ವೈಕುಂಠ ಸಮಾರಾಧನೆಗೆ ಹೋಗಿದ್ದರಂತೆ.

"ಹದಿನೈದು ವರ್ಷ ದಿನಾ ಮಾತಾಡಿದೀನಿ ಅವರ ಜೊತೆ. ನಿನ್ನೆ ಮೊದಲ ಸಲ ಮುಖ ನೋಡಿದ್ದು. ಎಲ್ಲಿ? ಹಾರ ಹಾಕಿದ ಫೋಟೋದಲ್ಲಿ! ಎಷ್ಟು ದೊಡ್ಡ ಕಿವಿ ಗೊತ್ತಾ ಅವರದ್ದು? ಇದು ಸರಿಯಲ್ಲ ಮಾರಾಯ. ಉಳಿದವರನ್ನ ಫೋಟೋ ಆಗೋಕೆ ಮುಂಚೆ ನೋಡ್ಬೇಕು."

ಹೇಗೆ ಎಂದು ಕೇಳಿದೆ.

"ಒಂದು ಭಾನುವಾರ ಎಲ್ಲರನ್ನೂ ಚಾಕ್ಕೆ ಕರೆಯದು. ನಾಲ್ಕು ಗಂಟೆಗೆ. ದನಿ ನನ್ನ ಹತ್ರ ಇದೆ, ಮನೆ ದಾರಿ ನಿನ್ನ ಹತ್ರ ಇದೆ. ಇನ್ನೆಂತ ಬೇಕು?"

ಅಂದೇ ಶುರುವಾಯಿತು. ಹಳೆಯ ಡೈರಿಯೊಂದರಲ್ಲಿ ಒಂದರಿಂದ ಮೊದಲಾಗಿ ನಂಬರು ಬರೆದುಕೊಂಡರು. ಹತ್ತು, ಪೊಲೀಸ್ ಠಾಣೆ. ಹದಿನಾಲ್ಕು, ಅಕ್ಕಿ ಮಿಲ್ಲು. ಹತ್ತೊಂಬತ್ತು, ಭಂಡಿಗಡಿಯ ಕಡೆಯ ಹೆಗ್ಗಡೆಯವರ ಮನೆ. ಯಾರಿದ್ದಾರೆ, ಯಾರಿಲ್ಲ, ಇಲ್ಲದವರ ಮನೆಯಲ್ಲಿ ಯಾರಿದ್ದಾರೆ ಎಂದು ನಾನು ಹೇಳುವುದು, ಅವರು ಗುರುತು ಹಾಕುವುದು. ಶಿವರಾತ್ರಿ ಕಳೆದ ಮೇಲಿನ ಭಾನುವಾರ ಗೊತ್ತುಮಾಡಿದೆವು. ಅಷ್ಟು ಹೊತ್ತಿಗೆ ಅಡಿಕೆ ಕೊಯ್ಲೂ ಮುಗಿದು ಜನಕ್ಕೆ ಪುರುಸೊತ್ತಿರುತ್ತದೆ.

"ವಾಟ್ಸಾಪಲ್ಲಿ ಒಂದು ಮೆಸೇಜ್ ಹಾಕಿಬಿಡ್ಲಾ?" ಎಂದೆ.

"ಹಾಕು. ಕೈಮುಗಿದ ಚಿತ್ರ ನೂರು ಬರ್ತದೆ, ಜನ ಒಬ್ಬರೂ ಬರಲ್ಲ" ಎಂದವರೇ ಒಬ್ಬೊಬ್ಬರಿಗೂ ತಾವೇ ಫೋನು ಮಾಡಲು ಕೂತರು. ದಿನಕ್ಕೆ ಹತ್ತು ಕರೆ. ಆ ಕಡೆಯವರು 'ಹಲೋ' ಅಂದರೆ ಸಾಕು, "ನಂಬರ್ ಪ್ಲೀಸ್" ಎಂದು ಹಳೆಯ ರಾಗದಲ್ಲಿ ಹೇಳುತ್ತಿದ್ದರು. ಅರ್ಧ ಜನ ನಕ್ಕರು. ಇಬ್ಬರು ಅತ್ತರು. ಒಬ್ಬರು ಇದು ಬ್ಯಾಂಕಿನ ಹೆಸರಲ್ಲಿ ಮೋಸ ಮಾಡುವವರ ಕರೆ ಎಂದು ಬೈದು ಇಟ್ಟರು.

ಕಾಫಿ ಸೀಮೆಯಲ್ಲಿ ಚಹಾ ಏಕೆ ಎಂದು ನನ್ನ ಹೆಂಡತಿ ಕೇಳಿದಳು. ಅಕ್ಕ ಅದನ್ನೂ ಯೋಚಿಸಿಟ್ಟಿದ್ದರು. "ಕಾಫಿ ಆದ್ರೆ ಎಲ್ಲರಿಗೂ ಅವರವರ ತೋಟದ ಪುಡಿನೇ ಚೆಂದ. ಒಂದು ಲೋಟ ಕುಡಿಯೋಕೆ ಒಂದು ತಾಸು ಚರ್ಚೆ ಮಾಡ್ತಾರೆ. ಚಾ ಯಾರ ತೋಟದ್ದೂ ಅಲ್ಲ. ಜಗಳ ಇಲ್ಲ."

ವೇದಿಕೆ ಇಲ್ಲ, ಮೈಕಿಲ್ಲ, ಶಾಲು ಹೊದಿಸುವುದಿಲ್ಲ, ಭಾಷಣವಂತೂ ಇಲ್ಲವೇ ಇಲ್ಲ. ಬಾಳಗಡಿಯ ಸಮುದಾಯ ಭವನದಲ್ಲಿ ಕುರ್ಚಿಗಳನ್ನು ಸಾಲಾಗಿ ಇಡದೆ ಆರಾರನ್ನು ಸುತ್ತುಗಟ್ಟಿ ಇಡಬೇಕು. ಗಂಡ ಹೆಂಡತಿ ಒಂದೇ ಸುತ್ತಿನಲ್ಲಿ ಕೂರಬಾರದು. "ಮನೇಲಿ ಮಾತಾಡ್ಲಿ. ಇಲ್ಲಿ ಬೇರೆಯವರ ಹತ್ರ ಮಾತಾಡ್ಲಿ" ಎಂದು ಅಪ್ಪಣೆಯಾಯಿತು.

ಪಟ್ಟಿ ಮುಗಿಯಿತು ಎಂದುಕೊಂಡಾಗ ಅಕ್ಕ, "ಬೆಂಚಿನವರು?" ಎಂದರು.

ಎಕ್ಸ್‌ಚೇಂಜಿನ ಜಗಲಿಯಲ್ಲಿ ಒಂದು ಉದ್ದನೆಯ ಬೆಂಚು ಇತ್ತು. ತೋಟ, ಎಸ್ಟೇಟುಗಳ ಕೆಲಸದವರು ಅಲ್ಲಿ ಕರೆಗೆ ಕಾಯುತ್ತಿದ್ದರು. ಮುಂಬೈ ಹೋಟೆಲಿನಲ್ಲಿದ್ದ ತಮ್ಮ, ಘಟ್ಟದ ಕೆಳಗೆ ಕೊಟ್ಟ ಮಗಳು, ಹೀಗೆ. ಅವರಿಗೆ ಆಗ ನಂಬರೇ ಇರಲಿಲ್ಲ. ಈಗ ಎಲ್ಲರ ಕೈಯಲ್ಲೂ ಮೊಬೈಲಿದೆ, ಆದರೆ ಆ ನಂಬರು ನಮ್ಮಲ್ಲಿಲ್ಲ. ಹದಿನೈದು ದಿನ ಬೈಕಿನಲ್ಲಿ ಸುತ್ತಿ ನಾನೇ ಹೇಳಿಬಂದೆ. ಈ ಸುದ್ದಿ ತಿಳಿದ ದೊಡ್ಡ ಜಮೀನಿನವರೊಬ್ಬರು ಫೋನಿನಲ್ಲಿ, "ಅವರೂ ಬರ್ತಾರಾ?" ಎಂದು ಎಳೆದರು.

"ಬರ್ತಾರೆ. ನಿಮ್ಮ ಕಾಲ್ ಒಂದಿನ ತಪ್ಪಿದ್ರೆ ಮಾರನೇ ದಿನ ಬರ್ತಿತ್ತು. ಅವರದ್ದು ತಪ್ಪಿದ್ರೆ ಮತ್ತೆ ಮೂರು ತಿಂಗಳು ಇಲ್ಲ. ಅದಕ್ಕೆ ಅವರದ್ದನ್ನೇ ನಾನು ಹೆಚ್ಚು ಜೋಪಾನ ಮಾಡ್ತಿದ್ದದ್ದು" ಎಂದು ಅಕ್ಕ ನಯವಾಗಿಯೇ ಹೇಳಿದರು. ಆ ಜಮೀನಿನವರೂ ಬಂದರು. ಬರುವಾಗ ಒಂದು ಗೊನೆ ಬಾಳೆಹಣ್ಣನ್ನೂ ತಂದರು.

ಹೀಗೆ ಎಲ್ಲರನ್ನೂ ಕರೆದ ಅಕ್ಕ ಒಂದು ನಂಬರಿನ ಮುಂದೆ ಮಾತ್ರ ಪೆನ್ನು ಹಿಡಿದು ನಿಂತುಬಿಟ್ಟರು. ಭಂಡಿಗಡಿಯ ಐವತ್ತೆರಡು. ಸಾವಿತ್ರಿಯವರ ಮನೆ. ನನಗೆ ಚೆನ್ನಾಗಿ ಗೊತ್ತು, ದೊಡ್ಡ ಕೊಟ್ಟಿಗೆ, ಹತ್ತು ಹನ್ನೆರಡು ಹಸು. "ಬಿಟ್ಟುಬಿಡು" ಎಂದರು. ಏಕೆ ಎಂದೆ. ಪೆನ್ನಿಗೆ ಮುಚ್ಚಳ ಹಾಕಿ ಹೇಳಿದರು. ಅಷ್ಟು ವರ್ಷ ಅವರೊಂದಿಗೆ ಕೆಲಸ ಮಾಡಿದ ನನಗೂ ಗೊತ್ತಿಲ್ಲದ ವಿಷಯ ಅದು.

ಸಾವಿತ್ರಿಯವರ ತವರು ಶೃಂಗೇರಿ ಹತ್ತಿರದ ಮೆಣಸೆ. ಅವರಿಗೆ ಮೊದಲು ಬೇರೆ ಕಡೆ ಗಂಡು ಗೊತ್ತಾಗಿ ಲಗ್ನಪತ್ರಿಕೆಯೂ ಅಚ್ಚಾಗಿತ್ತು. ಒಂದು ಮಧ್ಯಾಹ್ನ ಗಂಡಿನ ಕಡೆಯ ಹಿರಿಯರೊಬ್ಬರು ಕೊಪ್ಪದಿಂದ ಶಿವಮೊಗ್ಗಕ್ಕೆ ಟ್ರಂಕ್ ಕಾಲ್ ಮಾಡಿದರು. ಲೈನು ಸರಿಯಾಗಿ ಸಿಗದೆ ಅಕ್ಕ ಮಧ್ಯೆ ಇರಲೇಬೇಕಾಯಿತು. "ಹುಡುಗನಿಗೆ ಅಲ್ಲಿರೋ ಹೆಂಡತಿ, ಮಗುವಿನ ವಿಷಯ ಮೆಣಸೆಯವರ ಕಿವಿಗೆ ಬೀಳೋದು ಬೇಡ. ತಾಳಿ ಕಟ್ಟಿದ ಮೇಲೆ ನೋಡಿಕೊಳ್ಳೋಣ" ಎಂಬ ಮಾತು ಕಿವಿಗೆ ಬಿತ್ತು.

"ಆವತ್ತು ಕೇಳಿಸಿದ್ದಲ್ಲ ಮಾರಾಯ. ಕೇಳ್ದೆ. ಕೊನೇವರೆಗೆ ಕೇಳ್ದೆ" ಎಂದರು ಅಕ್ಕ.

ಮಾರನೆಯ ದಿನ ಅರ್ಧ ದಿನ ರಜೆ ಹಾಕಿ ಬಸ್ಸು ಹತ್ತಿ ಮೆಣಸೆಗೆ ಹೋಗಿ, ಹುಡುಗಿಯ ತಂದೆಯನ್ನು ಅಂಗಳಕ್ಕೆ ಕರೆದು ಹೇಳಿ, ನೀರೂ ಕುಡಿಯದೆ ಬಂದುಬಿಟ್ಟರು. ಕೆಲಸ ಹೋಗುವಂಥ ತಪ್ಪು ಅದು. ಮದುವೆ ನಿಂತಿತು. ಎರಡು ಮೂರು ವರ್ಷ ಬಿಟ್ಟು ಸಾವಿತ್ರಿ ಭಂಡಿಗಡಿಗೆ ಸೊಸೆಯಾಗಿ ಬಂದರು. ಬಂದ ಮೇಲೆ ಒಂದು ದಿನ ಎಕ್ಸ್‌ಚೇಂಜಿಗೆ ಫೋನು ಮಾಡಿ, "ನಮ್ಮಪ್ಪನಿಗೆ ಬಂದು ಹೇಳಿದ್ದು ನೀವೇನಾ?" ಎಂದು ಕೇಳಿದರು. ಅಕ್ಕ ಹೌದು ಎಂದರು. ಆ ಕಡೆ ಫೋನು ಇಟ್ಟ ಸದ್ದು. ಅಷ್ಟೇ. ಆಮೇಲೆ ಐವತ್ತೆರಡರಿಂದ ಕರೆ ಬಂದರೆ ಮಾತಾಡುತ್ತಿದ್ದದ್ದು ಅವರ ಗಂಡ ಮಾತ್ರ.

"ಮದುವೆ ಮುರಿದೋಳು ಅಂತ ಸಿಟ್ಟು. ಇರಬೇಕಾದ್ದೇ. ಅವಳ ಮುಖ ನೋಡೋಕೆ ನಂಗೆ ಧೈರ್ಯ ಇಲ್ಲ" ಎಂದು ಅಕ್ಕ ಡೈರಿ ಮುಚ್ಚಿದರು.

ಆ ಭಾನುವಾರ ಬಂತು. ನೂರೈವತ್ತು ಜನಕ್ಕೆ ಲೆಕ್ಕ ಹಾಕಿದ್ದೆವು. ನನ್ನ ಹೆಂಡತಿ ಮತ್ತು ಓಣಿಯ ಹೆಂಗಸರು ಮೂರು ದಿನ ಕೂತು ಕೋಡುಬಳೆ ಸುತ್ತಿದ್ದರು. ಅವಲಕ್ಕಿ ಕಲಸಲು ತಯಾರಿತ್ತು. ಅಕ್ಕ ಗಂಟೆಗೊಮ್ಮೆ ಕುರ್ಚಿಯ ಸುತ್ತುಗಳನ್ನು ಎಣಿಸುತ್ತ, ಇದ್ದಲ್ಲಿಂದ ಒಂದಿಂಚು ಆಚೀಚೆ ಮಾಡುತ್ತ ತಿರುಗುತ್ತಿದ್ದರು. ಎರಡೂಮುಕ್ಕಾಲಿಗೆ ಅಡಿಗೆಯವರು ಒಲೆಯ ಹತ್ತಿರದಿಂದ ಕೂಗಿದರು. ಹೋಗಿ ನೋಡಿದರೆ ಹದಿನೆಂಟು ಲೀಟರ್ ಹಾಲು ಒಡೆದು ಗಡ್ಡೆಗಡ್ಡೆಯಾಗಿ ತೇಲುತ್ತಿದೆ.

ಅಂಗಡಿಗಳಿಗೆ ಓಡಿದೆ. ಭಾನುವಾರ ಮಧ್ಯಾಹ್ನ. ಎಲ್ಲ ಸೇರಿ ಸಿಕ್ಕಿದ್ದು ಎಂಟು ಪ್ಯಾಕೆಟ್ಟು. ವಾಪಸು ಬಂದಾಗ ಅಕ್ಕ ಒಂದು ಕುರ್ಚಿಯಲ್ಲಿ ಕೂತಿದ್ದರು. ಮುಖ ಸಣ್ಣದಾಗಿತ್ತು. "ಚಾಕ್ಕೆ ಅಂತ ಕರೆದು ಚಾ ಇಲ್ಲ ಅನ್ನದಾ?" ಎಂದರು.

"ಅಕ್ಕ, ಇಷ್ಟು ಹೊತ್ತಿಗೆ ಅಷ್ಟು ಹಾಲು ಇರೋದು ಒಂದೇ ಮನೇಲಿ" ಎಂದೆ. ಹೆಸರು ಹೇಳಬೇಕಾಗಿರಲಿಲ್ಲ.

ಅವರು ನನ್ನ ಮೊಬೈಲು ಇಸಿದುಕೊಂಡರು. ಸ್ಪೀಕರು ಹೇಗೋ ಒತ್ತಿಹೋಗಿತ್ತು, ಎರಡು ಕಡೆಯ ಮಾತೂ ನನಗೆ ಕೇಳಿಸಿತು.

"ಹಲೋ."

ಅಕ್ಕ ಕಣ್ಣು ಮುಚ್ಚಿಕೊಂಡರು. "ನಾನು ಎಕ್ಸ್‌ಚೇಂಜಿನವಳು."

"ಗೊತ್ತಾಯ್ತು."

"ಬಾಳಗಡಿಲಿ ಇವತ್ತು ಎಲ್ಲರಿಗೂ ಚಾ ಇಟ್ಕೊಂಡಿದೀವಿ. ನಿಮಗೆ ಮುಂಚೆನೇ ಹೇಳ್ಬೇಕಿತ್ತು. ಧೈರ್ಯ ಆಗಲಿಲ್ಲ. ಈಗ ಇದ್ದ ಹಾಲೆಲ್ಲ ಒಡೆದುಹೋಗಿದೆ. ಹಾಲು ಬೇಕಾಯ್ತು ಅಂತ ಫೋನ್ ಮಾಡಿದ್ಲು ಅಂದ್ರೆ, ಅದೂ ನಿಜನೇ."

ಆ ಕಡೆ ಹಸುವೊಂದು ಅಂಬಾ ಎಂದಿತು. ಅಕ್ಕ ಫೋನನ್ನು ಕಿವಿಗೆ ಇನ್ನಷ್ಟು ಒತ್ತಿ ಹಿಡಿದರು.

"ಎಷ್ಟು ಬೇಕು?"

"ಹದಿನೈದು ಲೀಟರ್."

"ಈಗ ಕರೀತಾ ಇದೀವಿ. ಹನ್ನೆರಡು ಆಗಬಹುದು" ಎಂದು ಕರೆ ಕತ್ತರಿಸಿದರು.

ಅಕ್ಕ ಕಣ್ಣು ತೆರೆದರು. ಆಮೇಲೆ ನಾನು ನೋಡಿದ್ದು ಹಳೆಯ ಆಪರೇಟರನ್ನು. ಯಾರು ಇನ್ನೂ ಮನೆ ಬಿಟ್ಟಿರಲಾರರು, ಯಾರ ಮನೆಯಲ್ಲಿ ಕರಾವಿನ ಹಸುವಿದೆ ಎಂದು ನನ್ನನ್ನು ಕೇಳಿ ಕೇಳಿ ಹತ್ತು ನಿಮಿಷದಲ್ಲಿ ಆರು ಮನೆಗೆ ಫೋನು ಮಾಡಿದರು. ಹಲೋ ಇಲ್ಲ, ಕ್ಷೇಮ ಸಮಾಚಾರ ಇಲ್ಲ. "ಒಂದು ತಂಬಿಗೆ ಹಾಲು ತನ್ನಿ, ಬೇಗ." ಮುಂದಿನ ಮನೆ.

ಮೂರೂಮುಕ್ಕಾಲಿಗೆ ಒಂದು ಜೀಪು ಬಂದು ನಿಂತಿತು. ಸಾವಿತ್ರಿಯವರೇ ಇಳಿದರು. ಎರಡು ಕ್ಯಾನು ನನ್ನ ಕೈಗೆ ಕೊಟ್ಟು, ಅಕ್ಕನ ಕಡೆ ನೋಡದೆ ನೇರ ಒಲೆಯ ಹತ್ತಿರ ಹೋದರು. ಹಂಡೆಗೆ ಮುಖವಿಟ್ಟು ಮೂಸಿ, "ಇದರಲ್ಲಿ ಸಾರು ಮಾಡಿದಾರೆ, ಹುಣಸೆಹಣ್ಣಿನ ವಾಸನೆ ಇನ್ನೂ ಇದೆ. ಇದನ್ನ ತೊಳೆದವರು ಯಾರು?" ಎಂದರು. ಬಾಡಿಗೆಗೆ ತಂದ ಹಂಡೆ, ಹಿಂದಿನ ದಿನ ಮದುವೆಮನೆಯಲ್ಲಿತ್ತು. ಅಡಿಗೆಯವರು ಮೇಲ್ಛಾವಣಿ ನೋಡತೊಡಗಿದರು. ಸಾವಿತ್ರಿ ಸೆರಗು ಸಿಕ್ಕಿಸಿ ಬೂದಿ ಹಾಕಿ ಉಜ್ಜಿ, ತಾವೇ ನಿಂತು ಹಾಲು ಕಾಯಿಸಿದರು. ನಿಂಬೆ ವಾಸನೆಯ ಮಜ್ಜಿಗೆಹುಲ್ಲು, ಶುಂಠಿ ಜಜ್ಜಿ ಹಾಕಿದ ಆ ಚಹಾದ ಪರಿಮಳ ರಸ್ತೆಯವರೆಗೆ ಹೋಯಿತು. ಒಡೆದ ಹಾಲನ್ನೂ ಚೆಲ್ಲಗೊಡಲಿಲ್ಲ. ಬೆಲ್ಲ, ಏಲಕ್ಕಿ ಹಾಕಿ ಮಗುಚಿಸಿ ಬಾಳೆಲೆಯ ತುಂಡುಗಳ ಮೇಲೆ ಇಟ್ಟರು. ತಿಂದವರು, "ಗಿಣ್ಣ ಚೆನ್ನಾಗಿದೆ, ಯಾರ ಮನೇಲಿ ಹಸು ಕರು ಹಾಕ್ತು?" ಎಂದು ಕೇಳಿಕೊಂಡು ತಿರುಗಿದರು.

ನಾಲ್ಕು ಗಂಟೆಗೆ ಜನ ಬಂದರು. ಎನ್ನಾರ್ ಪುರದ ಬಸ್ಸಿನಿಂದ ಒಂದು ಗುಂಪು, ಶೃಂಗೇರಿ ಕಡೆಯಿಂದ ಒಂದು ವ್ಯಾನು. ಅಕ್ಕ ಬಾಗಿಲಲ್ಲಿ ಕಣ್ಣು ಮುಚ್ಚಿ ಕೂತಿದ್ದರು. ಬಂದವರು ಒಂದು ಮಾತಾಡಬೇಕು, ಅಕ್ಕ ನಂಬರು ಹೇಳಿ ಆಮೇಲೆ ಕಣ್ಣು ಬಿಟ್ಟು ಮುಖ ನೋಡಬೇಕು. "ಅಯ್ಯೋ, ನೀವು ಇಷ್ಟು ಕುಳ್ಳಗಾ?" "ನಿಮ್ಮ ದನಿಗೆ ಈ ಮೀಸೆ ಹೊಂದೋದೇ ಇಲ್ಲ ಕಣ್ರೀ!" ನಗುವೋ ನಗು. ಒಬ್ಬರು ಹೆಣ್ಣಿನ ದನಿ ಮಾಡಿ ಬಂದರು. "ನಲವತ್ತೊಂದು. ಆಗಲೂ ಹೀಗೇ ಮಾಡ್ತಿದ್ರಿ" ಎಂದು ಅಕ್ಕ ಬಿಡಲಿಲ್ಲ.

ಅಕ್ಕಿ ಮಿಲ್ಲಿನವರಿಗೆ ಗಂಟಲಿನ ಆಪರೇಷನ್ ಆಗಿ ದನಿಯೇ ಹೋಗಿತ್ತು. ಅವರು ಅಕ್ಕನ ಮುಂದೆ ನಿಂತು ಏನು ಮಾಡಲೂ ತೋಚದೆ ಮಗನ ಮುಖ ನೋಡಿದರು. ಮಗ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವರಿಗೆ ಸಣ್ಣಗೆ ಕೆಮ್ಮು ಬಂತು.

"ಹದಿನಾಲ್ಕು!" ಎಂದರು ಅಕ್ಕ. "ಬೀಡಿ ಬಿಟ್ರೂ ಕೆಮ್ಮು ಹಾಗೇ ಇದೆಯಲ್ರೀ."

ಆ ಮುದುಕರು ಅಕ್ಕನ ಎರಡೂ ಕೈ ಹಿಡಿದುಕೊಂಡು ಬಹಳ ಹೊತ್ತು ಬಿಡಲಿಲ್ಲ.

ಐದೂವರೆಗೆ ಜನ ಕರಗಿದರು. ನಲ್ಲಿಯ ಹತ್ತಿರ ಅಕ್ಕ ಲೋಟ ತೊಳೆಯುತ್ತಿದ್ದರು, ನಾನು ಬುಟ್ಟಿಗೆ ಹಾಕುತ್ತಿದ್ದೆ. ಸಾವಿತ್ರಿ ಬಂದು ಪಕ್ಕದಲ್ಲಿ ಕೂತು ಒಂದು ಲೋಟ ಎತ್ತಿಕೊಂಡರು. ನಾನು ಎದ್ದು ಹೋಗಬೇಕೆಂದುಕೊಂಡೆ. ಅಕ್ಕ ನನ್ನ ತೋಳು ಹಿಡಿದು ಕೂರಿಸಿದರು.

"ನಿಮ್ಮ ಮದುವೆ..." ಎಂದು ಅಕ್ಕ ಶುರುಮಾಡಿದರು.

"ಆ ಮದುವೆ ನಿಂತಿದ್ದು ಒಳ್ಳೇದೇ ಆಯ್ತು" ಎಂದರು ಸಾವಿತ್ರಿ, ಲೋಟ ಉಜ್ಜುತ್ತ. "ಅದಕ್ಕೆ ಸಿಟ್ಟಲ್ಲ ನಂಗೆ. ನೀವು ಕೇಳಿದ್ದಕ್ಕೂ ಅಲ್ಲ. ಬಸ್ ಹತ್ತಿ ಅಷ್ಟು ದೂರ ಬಂದ್ರಿ, ಅಪ್ಪಂಗೆ ಹೇಳಿದ್ರಿ, ಹೋದ್ರಿ. ನಾನು ಅಲ್ಲೇ ಬಾಗಿಲ ಹಿಂದೆ ನಿಂತಿದ್ದೆ, ಮಾತು ಕೇಳಿಸ್ಲಿಲ್ಲ. ಮದುವೆ ಆಗೋಳು ನಾನಲ್ವಾ? ನಂಗೆ ಯಾಕೆ ಹೇಳ್ಲಿಲ್ಲ?"

ಅಕ್ಕನ ಕೈ ನಿಂತಿತು.

"ಅಪ್ಪ ಜಾತಕ ಕೂಡ್ಲಿಲ್ಲ ಅಂದ್ರು, ಅಷ್ಟೇ. ಪತ್ರಿಕೆ ಅಚ್ಚಾದ ಮೇಲೆ ಯಾರು ನಂಬ್ತಾರೆ? ಹುಡುಗಿಲೇ ಏನೋ ಐಬಿದೆ ಅಂದ್ರು ಜನ. ಮೂರು ವರ್ಷ ನಾನೂ ನನ್ನಲ್ಲೇ ಐಬು ಹುಡುಕ್ತಿದ್ದೆ. ಅಪ್ಪ ಸಾಯೋ ಹೊತ್ತಿಗೆ ಹೇಳಿದ್ರು."

ನಲ್ಲಿಯ ನೀರು ಸುಮ್ಮನೆ ಹರಿಯುತ್ತಿತ್ತು. ನಾನು ನಿಲ್ಲಿಸಿದೆ.

"ಹೊಳೀಲೇ ಇಲ್ಲ" ಎಂದರು ಅಕ್ಕ. "ದೇವರಾಣೆ, ನಿನ್ನನ್ನ ಕರೆದು ಹೇಳ್ಬೇಕು ಅಂತ ತಲೆಗೇ ಬರಲಿಲ್ಲ. ನನ್ನ ಕೆಲಸ ಹೋಗ್ತದೆ ಅನ್ನೋದೊಂದೇ ತಲೇಲಿತ್ತು. ತಪ್ಪಾಯ್ತು ಮಾರಾಯ್ತಿ."

ಸಾವಿತ್ರಿ ನಲ್ಲಿ ತಿರುಗಿಸಿ ಎರಡು ಲೋಟ ತೊಳೆದರು. ಅಕ್ಕನೇ ಮತ್ತೆ ಕೇಳಿದರು, "ಆವತ್ತು ನಿಂಗೇ ಹೇಳಿದ್ರೆ ಎಂತ ಮಾಡ್ತಿದ್ದೆ?"

"ಎಂತ ಮಾಡ್ತಿದ್ದೆ? ಎರಡು ದಿನ ಅಳ್ತಿದ್ದೆ. ಆಮೇಲೆ ಅವನಿಗೆ ಒಂದು ಟ್ರಂಕ್ ಕಾಲ್ ಬುಕ್ ಮಾಡಿ ಬಾಯಿಗೆ ಬಂದ ಹಾಗೆ ಬೈತಿದ್ದೆ. ನೀವೇ ಲೈನ್ ಕೊಡ್ಬೇಕಿತ್ತು."

"ಕೊಡ್ತಿದ್ದೆ! ಲೈಟ್ನಿಂಗ್ ಕಾಲ್ ಕೊಡ್ತಿದ್ದೆ! ಮೂರು ನಿಮಿಷ ಆದ್ರೂ ಕಟ್ ಮಾಡ್ತಿರಲಿಲ್ಲ!"

ಮೊದಲು ನಕ್ಕದ್ದು ಯಾರು ಎಂದು ನನಗೆ ನೆನಪಿಲ್ಲ. ಒದ್ದೆ ಕೈಯಲ್ಲೇ ಕಣ್ಣೊರೆಸಿಕೊಳ್ಳುತ್ತ, ಒಬ್ಬರ ಭುಜಕ್ಕೆ ಒಬ್ಬರು ಹೊಡೆಯುತ್ತ ಇಬ್ಬರೂ ನಗುತ್ತಿದ್ದರು. ಅಡಿಗೆಯವರು ಏನಾಯಿತೋ ಎಂದು ಸೌಟು ಹಿಡಿದುಕೊಂಡೇ ಓಡಿ ಬಂದರು.

ಮುಂದಿನ ನಾಲ್ಕು ವರ್ಷ ಶಿವರಾತ್ರಿ ಮುಗಿದ ಭಾನುವಾರ ಚಹಾ ತಪ್ಪಲಿಲ್ಲ. ಎರಡನೆಯ ವರ್ಷದಿಂದ ಹಾಲಿನ ಜವಾಬ್ದಾರಿ, ಹಂಡೆ ಮೂಸುವ ಜವಾಬ್ದಾರಿ ಎರಡೂ ಸಾವಿತ್ರಿಯವರದು. ಅಕ್ಕ ಮತ್ತು ಅವರು ವಾರಕ್ಕೊಮ್ಮೆಯಾದರೂ ಫೋನಿನಲ್ಲಿ ಸಿಗುತ್ತಿದ್ದರು. ಗಂಟೆಗಟ್ಟಲೆ. ಕಳೆದ ಮಳೆಗಾಲದ ಶುರುವಿನಲ್ಲಿ ಅಕ್ಕ ಮೂರು ದಿನದ ಜ್ವರದಲ್ಲಿ ಹೋದರು. ಈ ವರ್ಷ ಇನ್ನು ಚಹಾ ಇಲ್ಲ ಎಂದೇ ನಾನು ತಿಳಿದಿದ್ದೆ. ಕರೆಯುವವರು ಯಾರು?

ಮೊನ್ನೆ ಫೋನು ಬಂತು. ಸಾವಿತ್ರಿ.

"ಶಿವರಾತ್ರಿ ಆದ ಭಾನುವಾರ, ನಾಲ್ಕು ಗಂಟೆಗೆ, ನಮ್ಮ ಅಂಗಳದಲ್ಲಿ. ಬೇರೆಯವರಿಗೆಲ್ಲ ಹೇಳಿ ಆಯ್ತು. ನೀವು ಬರ್ಬೇಕು."

"ಬರ್ತೀವಿ, ಇಬ್ಬರೂ ಬರ್ತೀವಿ. ಮನೆಯವಳಿಗೆ ನಾನು ಹೇಳ್ತೀನಿ" ಎಂದೆ.

"ನೀವು ಹೇಳೋದು ಬೇಡ ಅಣ್ಣ" ಎಂದರು ಸಾವಿತ್ರಿ. "ಫೋನು ಅವರ ಕೈಗೆ ಕೊಡಿ."